ಬಾಯಿ ಕಳಿಸಿದವನೇ ಕೈಗೂ ಹೊಣೆ

ಚೋನ್-ಬುಲಾಕ್ ಊರಿನಲ್ಲಿ ಶಾರ್ಶೆಯಷ್ಟು ಕುರಿಮಾಂಸ ತಿಂದವನು ಇನ್ನೊಬ್ಬನಿಲ್ಲ. ಆದರೆ ತನ್ನ ಸ್ವಂತ ಹೆಸರಿನಲ್ಲಿ ಅವನು ಒಂದು ಮೂಳೆಯನ್ನೂ ಚೀಪಿದವನಲ್ಲ. ತಿಂದದ್ದೆಲ್ಲ ಅಕ್ಕನ ಗಂಡ ಮಂಬೆತ್‌ನ ಹೆಸರಿಗೆ.

ಬಿಟ್ಟಿ ಕೂಳು ಎಂದು ಮೂಗು ಮುರಿಯುವವರು ಇದ್ದಾರೆ. ಅಂಥವರನ್ನು ಹಿಡಿದು ತಂದು, ಮೂರು ಕುರಿ ಕಡಿದ ಮನೆಯಲ್ಲಿ ಮಧ್ಯಾಹ್ನದಿಂದ ಸಂಜೆವರೆಗೆ ಕಾಲು ಮಡಚಿ ಕೂರಿಸಬೇಕು. ಎದುರಿಗೆ ಕೂತ ಮುದುಕ ತನ್ನ ಸೈನ್ಯದ ಕಥೆ ಶುರುಮಾಡುತ್ತಾನೆ, ಪಕ್ಕದವನು ತನ್ನ ಕುದುರೆಯ ಹೊಟ್ಟೆನೋವಿನ ಕಥೆ ಹೇಳುತ್ತಾನೆ, ಮನೆಯಾಕೆ ಬಂದು ಬಂದು ಕೊಬ್ಬಿನ ತುಂಡು ಬಾಯಿಗೇ ತುರುಕುತ್ತಾಳೆ. ಬೇಡ ಅಂದರೆ ಜನ್ಮದ ಮುನಿಸು. ಇಷ್ಟಾದ ಮೇಲೂ ನಗುತ್ತ ಎದ್ದು ಬರಬೇಕು. ಅದೊಂದು ಕಸುಬು. ಶಾರ್ಶೆಗೆ ಗೊತ್ತಿದ್ದದ್ದು ಅದೊಂದೇ.

ಬೇರೆ ಕೆಲಸ ಮಾಡಿ ನೋಡಲಿಲ್ಲ ಅಂತಲ್ಲ. ಕುರಿ ಕಾಯಲು ಹೋದ. ಬೆಟ್ಟದಲ್ಲಿ ನಿದ್ದೆ ಹೋಗಿ, ಸಂಜೆ ಕುರಿಗಳೇ ಅವನನ್ನು ಎಬ್ಬಿಸಿ ಮನೆಗೆ ಕರೆತಂದವು. ಶಾಲೆಯಲ್ಲಿ ಗೆಳೆಯರು ಚಕ್ಕರ್ ಹೊಡೆದಾಗ ಅವರ ಹಾಜರಿಗೆ ಇವನು ‘ಇದ್ದೀನಿ’ ಅನ್ನುತ್ತಿದ್ದ. ಒಂದು ದಿನ ಮೇಷ್ಟರು ಇವನದೇ ಹೆಸರು ಕೂಗಿದಾಗ, ಇದು ಯಾರ ಪರವಾಗಿ ಎಂದು ಯೋಚಿಸುತ್ತ ಕೂತ, ಗೈರುಹಾಜರಿ ಬಿತ್ತು. ಪ್ರಾಯಕ್ಕೆ ಬಂದಾಗ ಗೆಳೆಯನೊಬ್ಬನ ಪರವಾಗಿ ಹೆಣ್ಣು ಕೇಳಲು ಹೋಗಿ, ಅವಳ ಅಪ್ಪನನ್ನು ಒಪ್ಪಿಸಿಯೇ ಬಂದ. ಆ ಗೆಳೆಯನಿಗೆ ಈಗ ಮನೆ ತುಂಬ ಮಕ್ಕಳು. ಶಾರ್ಶೆಯ ಪರವಾಗಿ ಹೋಗುವವರು ಯಾರೂ ಸಿಗಲಿಲ್ಲ, ಅವನು ಹಾಗೇ ಉಳಿದ. ಕೊನೆಗೆ ಅಕ್ಕ ಸೈರಾಕಾನ್ ಅವನನ್ನು ತನ್ನ ಮನೆಯ ಹೊರಗಿನ ಬೇಸಿಗೆ ಅಡುಗೆಕೋಣೆಯಲ್ಲಿ ಇಟ್ಟುಕೊಂಡಳು.

ಅವಳ ಗಂಡ ಮಂಬೆತ್ ಕಣಿವೆ ರಸ್ತೆಯಲ್ಲಿ ಹಿಮ ತಳ್ಳುವ ಬುಲ್ಡೋಜರ್ ಓಡಿಸಿ ನಿವೃತ್ತನಾದವನು. ಆಯುಸ್ಸೆಲ್ಲ ಎಂಜಿನ್ ಸದ್ದನ್ನು ಮೀರಿಸಿ ಕೂಗಿ ಕೂಗಿ, ‘ಉಪ್ಪು ಕೊಡು’ ಅಂದರೂ ಅದು ಬೆಟ್ಟದಾಚೆ ಕೇಳಿಸುತ್ತಿತ್ತು. ಮೊಣಕಾಲು ಹೋಗಿತ್ತು, ನೆಲದ ಮೇಲೆ ಕೂರಲಾಗುತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ ಅವನಿಗೆ ಜನ ಆಗುತ್ತಿರಲಿಲ್ಲ. ಆದರೆ ಊರಲ್ಲಿ ವಾರಕ್ಕೊಂದು ಮನೆಯಲ್ಲಿ ಔತಣ. ಹೋಗದಿದ್ದರೆ ಅವಮಾನ, ಹೋದರೆ ಮೊಣಕಾಲಿನ ಗತಿ ದೇವರಿಗೇ ಪ್ರೀತಿ.

“ಲೇ ಶಾರ್ಶೆ, ನೀನು ಹೋಗೋ,” ಎಂದ ಒಂದು ದಿನ. “ನನ್ನ ಬದಲು ಬಾಯಾಡಿಸಿ ಬಾ.”

ಅಲ್ಲಿಂದ ಶುರುವಾಯಿತು. ಆ ಊರಲ್ಲಿ ಯಾರಿಗೆ ಯಾವ ಮೂಳೆ ಎಂಬುದು ವಯಸ್ಸು, ಮರ್ಯಾದೆ ನೋಡಿ ಹಂಚುವ ವಿಷಯ. ಮಂಬೆತ್‌ಗೆ ಸಲ್ಲುವುದು ಸೊಂಟದ ಮೂಳೆ, ಒಳಗೋಡೆಯ ಪಕ್ಕದ ಹಿರಿಯರ ಸಾಲಿನಲ್ಲಿ ಜಾಗ. ಶಾರ್ಶೆ ತಾನಾಗಿ ಹೋಗಿದ್ದರೆ ಬಾಗಿಲ ಬಳಿ ಚಪ್ಪಲಿಗಳ ಪಕ್ಕ ಕೂರಿಸಿ ಕತ್ತಿನ ತುಂಡು ಎಸೆಯುತ್ತಿದ್ದರು. ಮಂಬೆತ್‌ನ ಬದಲಿಯಾಗಿ ಹೋದದ್ದಕ್ಕೆ ಸೊಂಟದ ಮೂಳೆಯೇ ಬಂತು, ಹಾಸಿನ ಮೇಲೆ ಹಾಸು ಹಾಕಿದ ಜಾಗವೂ ಬಂತು. “ಮಂಬೆತ್‌ನ ಬಾಯಿ ಬಂತು, ದಾರಿ ಬಿಡ್ರಪ್ಪ,” ಅನ್ನುತ್ತಿದ್ದರು. ಊಟದ ನಡುವೆ ಯಾರಾದರೂ ಇವನ ಕಡೆ ತಿರುಗಿ, “ನೀವೇನಂತೀರಿ?” ಎಂದು ಬಹುವಚನದಲ್ಲಿ ಕೇಳುತ್ತಿದ್ದರು. ಹೊರಗೆ ಬೀದಿಯಲ್ಲಿ ಅವನನ್ನು ಕಂಡು ನಾಯಿಯೂ ಬಹುವಚನದಲ್ಲಿ ಬೊಗಳುತ್ತಿರಲಿಲ್ಲ. ಆ ಜಾಗ ಅವನಿಗೆ ಊಟಕ್ಕಿಂತ ದೊಡ್ಡದಾಗಿತ್ತು.

ಉಳಿದದ್ದನ್ನು ಚೀಲದಲ್ಲಿ ಕಟ್ಟಿ ಭಾವನಿಗೆ ತರಬೇಕು, ಅದು ಪದ್ಧತಿ. ಮೊದಮೊದಲು ಚೀಲ ತುಂಬಿ ಬರುತ್ತಿತ್ತು. ಬರಬರುತ್ತ ಅದರಲ್ಲಿ ಮೂಳೆ ಮಾತ್ರ ಉಳಿಯಿತು.

“ಏನೋ ಇದು, ಈ ಕುರಿ ಉಪವಾಸ ಬಿದ್ದು ಸತ್ತಿತ್ತೇನೋ?” ಎಂದು ಮಂಬೆತ್ ಕೇಳುತ್ತಿದ್ದ.

“ದಾರಿ ದೂರ, ಭಾವ,” ಅನ್ನುತ್ತಿದ್ದ ಶಾರ್ಶೆ.

ಹೀಗೇ ನಡೆದುಕೊಂಡು ಹೋಗುತ್ತಿತ್ತು, ಓರೊಜ್‌ನ ಮನೆಯ ಔತಣ ಬರುವವರೆಗೆ.

ಓರೊಜ್‌ಗೂ ಮಂಬೆತ್‌ಗೂ ಮಾತು ಬಿಟ್ಟು ಬಹಳ ಚಳಿಗಾಲಗಳಾಗಿದ್ದವು. ಕಾರಣ ದೊಡ್ಡದೇ. ಮಂಬೆತ್ ಒಂದು ಬೆಳಗ್ಗೆ ಊರ ಬೀದಿಯ ಹಿಮ ತಳ್ಳುವಾಗ, ಅಷ್ಟನ್ನೂ ಓರೊಜ್‌ನ ಹಿತ್ತಲ ಕಕ್ಕಸಿನ ಬಾಗಿಲಿಗೆ ಒತ್ತಿಬಿಟ್ಟಿದ್ದ. ಒಳಗೆ ಓರೊಜ್ ಇದ್ದ. ಮಧ್ಯಾಹ್ನ ಅಗೆದು ತೆಗೆದರು. ಮಂಬೆತ್ ಕ್ಷಮೆ ಕೇಳಿದ್ದರೆ ಮುಗಿಯುತ್ತಿತ್ತು. ಅವನು, “ಒಳಗಿದ್ದೋನು ಒಂದು ಬಾವುಟನಾದ್ರೂ ಕಟ್ಟಬೇಕಿತ್ತು,” ಎಂದ.

ಆದರೂ ಮಗನ ಮದುವೆ ಗೊತ್ತುಮಾಡಿದಾಗ ಓರೊಜ್ ಊರಿಗೆಲ್ಲ ಹೇಳಿಕಳಿಸಿದ, ಮಂಬೆತ್‌ಗೂ. ಮಂಬೆತ್ ಎಂದಿನಂತೆ ಬಾಯಿ ಕಳಿಸಿದ. “ತಿನ್ನು, ಮಾತಾಡಬೇಡ,” ಎಂದು ಮಾತ್ರ ಹೇಳಿದ.

ಶಾರ್ಶೆ ಮಾತಾಡಲಿಲ್ಲ. ಅದನ್ನು ಯಾರು ಬೇಕಾದರೂ ಪ್ರಮಾಣ ಮಾಡಿ ಹೇಳಿಯಾರು. ಬಾಯಲ್ಲಿ ಬಾಲದ ಕೊಬ್ಬಿನ ಅಷ್ಟಗಲ ತುಂಡಿತ್ತು, ಮಾತಾಡುವುದಿರಲಿ, ಉಸಿರಾಡುವುದೇ ಕಷ್ಟವಾಗಿತ್ತು. ಆಗ ಮದುಮಗ ಎಲ್ದಾರ್ ಎದ್ದು ನಿಂತ. ಮದುವೆಯಾಗುವ ಪ್ರತಿ ಜೋಡಿಗೂ ಅಲ್ಲಿ ಒಬ್ಬ ಒಕುಲ್ ಅಪ್ಪ, ಒಬ್ಬಳು ಒಕುಲ್ ಅಮ್ಮ ಬೇಕು. ಹೆತ್ತವರಲ್ಲ, ಹೆತ್ತವರ ಬದಲಿಗೆ ನಿಲ್ಲುವವರು. ಮದುವೆಯ ದಿನ ನಿಂತು ಹೋದರೆ ಮುಗಿಯಲಿಲ್ಲ. ಗಂಡ ಹೆಂಡತಿ ಜಗಳವಾಡಿದರೆ ಜೀವಮಾನವಿಡೀ ಅವರ ಮನೆಗೇ ಬರುತ್ತಾರೆ.

“ನನಗೆ ಒಕುಲ್ ಅಪ್ಪ ಮಂಬೆತ್ ಅಪ್ಪನೇ ಆಗಬೇಕು,” ಎಂದ ಎಲ್ದಾರ್. “ನನಗೆ ಬುಲ್ಡೋಜರ್ ಕಲಿಸಿದ್ದು ಅವರು. ಬೈದದ್ದೂ ಅವರೇ.”

ಓರೊಜ್‌ನ ಮುಖ ಕಕ್ಕಸಿನಲ್ಲಿ ಕೂತಿದ್ದ ದಿನದ ಹಾಗಾಯಿತು. ಆದರೆ ಒಬ್ಬನೇ ಮಗ. “ಆಯ್ತಪ್ಪ,” ಎಂದ. ಎಲ್ಲರೂ ಸೊಂಟದ ಮೂಳೆ ಹಿಡಿದು ಕೂತವನ ಕಡೆ ತಿರುಗಿದರು. ಊರಿಗೆಲ್ಲ ಹಿರಿಯನಾದ ಅಬ್ದಿಲ್ದಾ ಅಜ್ಜ ಎರಡೂ ಅಂಗೈ ಬಿಡಿಸಿ ಹರಸಲು ಶುರುಮಾಡಿದ: “ಮಂಬೆತ್ ಈ ಮಕ್ಕಳಿಗೆ ಅಪ್ಪನಾಗಲಿ, ಇವರ ಒಲೆ ಆರದಿರಲಿ…”

ಶಾರ್ಶೆಯವು ವರ್ಷಗಟ್ಟಲೆ ಔತಣ ತಿಂದ ಕೈಗಳು. ಮುದುಕ ಅಂಗೈ ಬಿಡಿಸಿದ್ದು ಕಂಡರೆ ಸಾಕು, ಕುದುರೆ ಲಾಯ ಕಂಡ ಹಾಗೆ ತಾವಾಗಿ ಮೇಲೇಳುತ್ತಿದ್ದವು. ಎದ್ದವು. ‘ಆಮೀನ್’ ಎಂದಾಗ ಎಲ್ಲರ ಕೈಯ ಜೊತೆ ಶಾರ್ಶೆಯ ಕೈಯೂ ಮುಖ ಸವರಿತು, ಗಲ್ಲಕ್ಕೆಲ್ಲ ಕೊಬ್ಬು ಮೆತ್ತಿತು. ಹಾಗೆ ಹರಸಿದ ಮಾತನ್ನು ಮುರಿಯುವಂತಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರಲ್ಲ, ಇದು ಆಡದೆಯೇ ಹೋದ ಮಾತು.

ಕೊಬ್ಬು ಗಂಟಲಿಳಿದ ಮೇಲೆ ಶಾರ್ಶೆಗೆ ಅರ್ಥವಾಯಿತು. ಅಷ್ಟರಲ್ಲಿ ಹೆಗಲ ಮೇಲೆ ಹೊಸ ಚಪಾನ್ ಬಿದ್ದಿತ್ತು, ಹತ್ತಿ ತುಂಬಿ ಹೊಲಿದ ಉದ್ದ ನಿಲುವಂಗಿ, ಕಾಲರಿಗೆ ಜರಿ. “ಒಕುಲ್ ಅಪ್ಪನಿಗೆ ಕೊಡಿ,” ಎಂದರು.

ಮನೆಯಲ್ಲಿ ಮಂಬೆತ್ ಚಪಾನ್ ತೊಟ್ಟು ತಿರುಗಿ ನೋಡಿಕೊಂಡ. “ಪರವಾಗಿಲ್ಲವೇ ಆ ಕಕ್ಕಸಿನವನು. ಏನಂತೆ ಇದು?”

“ಚಳಿ ಅಲ್ವಾ, ಭಾವ,” ಎಂದು ಶಾರ್ಶೆ ಅಡುಗೆಕೋಣೆಗೆ ನುಸುಳಿಕೊಂಡ. ನಾಳೆ ಹೇಳೋಣ ಅಂದುಕೊಂಡ. ನಾಳೆಗೂ ಒಂದು ನಾಳೆ ಇತ್ತು. ಮಂಬೆತ್ ಆ ಚಪಾನ್ ತೊಟ್ಟು ಹಸುವಿಗೆ ಹುಲ್ಲು ಹಾಕಿದ, ಬೂದಿ ಚೆಲ್ಲಿದ, ಅದರಲ್ಲೇ ಮಲಗಿದ.

ಶುಕ್ರವಾರ ಬೆಳಗ್ಗೆ ಎಲ್ದಾರ್ ಬಂದ. ಅವನ ಹಿಂದೆ ಮದುಮಗಳು ಬೆಗಾಯಿಮ್, ತಲೆಗೆ ಬಿಳಿ ವಸ್ತ್ರ, ಕೆನ್ನೆ ಕೆಂಪು.

“ಅಪ್ಪಾ, ಚೆನ್ನಾಗಿದ್ದೀರಾ?”

“ಯಾರೋ ನಿನ್ನಪ್ಪ?”

“ನೀವೇ.”

ಆಮೇಲೆ ಮಂಬೆತ್ ಆಡಿದ ಮಾತು ಬರೆಯುವಂಥದ್ದಲ್ಲ. ಮೂರು ಮನೆಯಾಚೆ ಹಾಲು ಕರೆಸಿಕೊಳ್ಳುತ್ತಿದ್ದ ಹೆಣ್ಣುಕುದುರೆ ಬಕೆಟ್ಟು ಒದ್ದಿತು. ಸೈರಾಕಾನ್ ಮಾತ್ರ ಬೆಗಾಯಿಮ್‌ನ ಕೈಹಿಡಿದು ಒಳಗೆ ಕರೆದು ಚಹಾ ಕೊಟ್ಟಳು. ಅವಳಿಗೆ ಮಗಳು ಸಿಕ್ಕ ಹಾಗಾಗಿತ್ತು. ಶಾರ್ಶೆ ಹುಲ್ಲಿನ ಬಣವೆಯ ಮೇಲೆ ಹತ್ತಿ ಕೂತ.

“ಇಳಿಯೋ ಕೆಳಗೆ, ಹೊಟ್ಟೆಬಾಕ.”

“ನೀವು ಹೊಡೆಯಲ್ಲ ಅಂದ್ರೆ ಇಳೀತೀನಿ.”

“ಹೊಡೆಯಲ್ಲ. ಹಿರಿಯರ ಮುಂದೆ ನಿಲ್ಲಿಸ್ತೀನಿ. ಇವನು ನನ್ನ ಯಾರೂ ಅಲ್ಲ, ಇವನು ಮಾಡಿದ್ದು ನಂಗೆ ತಟ್ಟಲ್ಲ ಅಂತ ಬರೆಸ್ಕೋತೀನಿ. ಒಂದು ವೇಳೆ ತಟ್ಟುತ್ತೆ ಅಂದ್ರೋ, ನೀನು ಇನ್ನು ಬೆಟ್ಟದಲ್ಲಿ ತೋಳಗಳ ಜೊತೆ ಔತಣ ಉಣ್ಣು.”

ಬಣವೆಯ ಮೇಲಿಂದ ಶಾರ್ಶೆ ಲೆಕ್ಕ ಹಾಕಿ ನೋಡಿದ. ಹಿರಿಯರು ಭಾವನ ಕಡೆ ತೀರ್ಪು ಕೊಟ್ಟರೆ, ಶಾರ್ಶೆಯ ಕೈ ಸುಳ್ಳುಕೈ ಎಂದು ಊರಿಗೆಲ್ಲ ಗೊತ್ತಾಗುತ್ತದೆ. ಇನ್ನು ಯಾವ ಮನೆಯಲ್ಲೂ ಅವನನ್ನು ಒಳಗೋಡೆಯ ಪಕ್ಕ ಕೂರಿಸುವುದಿಲ್ಲ. ಓರೊಜ್‌ನ ಕಡೆ ಕೊಟ್ಟರೆ ಭಾವನೇ ಕಳಿಸುವುದಿಲ್ಲ. ಎತ್ತ ಬಿದ್ದರೂ ಆ ಜಾಗ ಹೋಯಿತು. ಚಪ್ಪಲಿಗಳ ಪಕ್ಕ ಕೂತು ಕತ್ತಿನ ತುಂಡು ಚೀಪುತ್ತಿರುವ ತನ್ನನ್ನು ತಾನೇ ಕಂಡ. ಅವನಿಗೆ ಅಳು ಬಂತು. ಹುಲ್ಲು ಚುಚ್ಚಿದ್ದೂ ಒಂದು ಕಾರಣ.

ಹಿರಿಯರ ನ್ಯಾಯ ಹಳೆಯ ಕ್ಲಬ್ಬಿನ ಸಭಾಂಗಣದಲ್ಲಿ ಕೂಡಿತು. ಮೂವರು ಬಿಳಿಗಡ್ಡದವರು, ನಡುವೆ ಅಬ್ದಿಲ್ದಾ ಅಜ್ಜ. ಊರೆಲ್ಲ ಬಂದಿತ್ತು; ಇಂಥದ್ದಕ್ಕೆ ಯಾರೂ ಬದಲಿ ಕಳಿಸುವುದಿಲ್ಲ.

ಮಂಬೆತ್ ಎದ್ದು ನಿಂತ. “ನಾನು ಕಳಿಸಿದ್ದು ಬಾಯಿನ. ತಿಂದು ಬಾ ಅಂದೆ. ಕೈ ಎತ್ತು ಅಂತ ನಾನು ಹೇಳೇ ಇಲ್ಲ. ಬಾಯಿ ಏನು ತಿಂತೋ ಅದಕ್ಕೆ ನಾನು ಹೊಣೆ. ಕೈಗೂ ನನಗೂ ಸಂಬಂಧ ಇಲ್ಲ.”

“ಕೈ ಇಲ್ಲದೆ ಬಾಯಿ ಹ್ಯಾಗಪ್ಪ ತಿನ್ನುತ್ತೆ?” ಎಂದ ಅಬ್ದಿಲ್ದಾ ಅಜ್ಜ. “ನಾವು ಐದು ಬೆರಳಲ್ಲಿ ತಿನ್ನೋ ಜನ. ಮೂತಿ ಇಟ್ಟು ತಿನ್ನೋಕೆ ಕಳಿಸಿದ್ಯಾ?”

ಸಭೆ ನಕ್ಕಿತು. ಮಂಬೆತ್‌ನ ಕಿವಿ ಕೆಂಪಾಯಿತು.

“ತಿನ್ನೋವರೆಗೂ ಕೈ ನನ್ನದೇ. ಮುಖ ಸವರಿದ್ದು ಅವನದು.”

“ಅದು ಓರೊಜ್‌ಗೆ ಹ್ಯಾಗೆ ಗೊತ್ತಾಗಬೇಕು?” ಎಂದು ಅಜ್ಜ ಗಡ್ಡ ನೀವಿಕೊಂಡ. “ಇಷ್ಟು ವರ್ಷ ಇವನು ನಿನ್ನ ಜಾಗದಲ್ಲಿ ಕೂತ. ನನ್ನ ಮೊಮ್ಮಗನ ತೊಟ್ಟಿಲಿಗೆ ನಿನ್ನ ಹೆಸರಲ್ಲಿ ಕೈ ಎತ್ತಿ ಹರಸಿದ. ಆಗ ಬಂದು, ಅದು ನನ್ನ ಕೈಯಲ್ಲ ಅಂದ್ಯಾ? ಸುಮ್ಮನಿದ್ದೆ. ಸುಮ್ಮನಿದ್ದೋನು ಊರಿಗೆಲ್ಲ ಏನು ಹೇಳಿದ ಹಾಗಾಯ್ತು? ಇದು ನನ್ನ ಕೈಯೇ ಅಂತ. ನೀನು ಮನೆಯೊಳಗೆ ಇವನ ಕಿವೀಲಿ ಬಾಯಿ ಮಾತ್ರ ಅಂದಿರಬಹುದು. ನಮಗೆ ಕಂಡದ್ದು ಪೂರ್ತಿ ಆಳು.”

ಓರೊಜ್ ಎದ್ದ. “ನಾನೇನು ಇವನನ್ನ ಬೇಡ್ಕೊಂಡಿರಲಿಲ್ಲ. ಮಗ ಕೇಳಿದ, ಕೈ ಎದ್ದಿತು. ಈಗ ಇವನು ಇಲ್ಲ ಅಂದ್ರೆ ಬೀಗರ ಮುಂದೆ ನನ್ನ ಮೂಗು ಹೋಗುತ್ತೆ.”

“ನಿನ್ನ ಮೂಗಿಗೆ ಅಭ್ಯಾಸ ಇದೆ ಬಿಡು,” ಎಂದ ಮಂಬೆತ್.

“ಅಜ್ಜಾ, ಕೇಳಿಸ್ಕೊಂಡ್ರಾ?”

“ಇಬ್ರೂ ಕೂತ್ಕೊಳ್ಳಿ. ಶಾರ್ಶೆ, ಮುಂದೆ ಬಾ. ಆವತ್ತು ಕೈ ಎತ್ತಿದ್ದು ನೀನೋ, ಮಂಬೆತ್ತೋ?”

ಶಾರ್ಶೆ ಭಾವನ ಮುಖ ನೋಡಿದ, ತನ್ನ ಅಂಗೈ ನೋಡಿದ. ಜೀವಮಾನದಲ್ಲಿ ಅವನನ್ನು ಅವನ ಬಗ್ಗೆಯೇ ಯಾರೂ ಕೇಳಿರಲಿಲ್ಲ.

“ಕೈ ನನ್ನವು, ಅಜ್ಜ,” ಎಂದ. “ಎತ್ತಿದ್ದು ಅವರು.”

“ನಿನ್ನ ಭಾವ ಅಲ್ಲ ಅಂತಾನಲ್ಲ. ಕಳಿಸದೇ ಇದ್ದ ಕೈಯನ್ನ ಕಳಿಸಿದ್ದಾರೆ ಅಂತ ತೋರಿಸಿದ್ರೆ, ಆ ಹೊಣೆ ತೋರಿಸಿದೋನ ತಲೆಗೇ ಬರುತ್ತೆ. ಆಗ ಒಕುಲ್ ಅಪ್ಪ ನೀನೇ ಆಗಬೇಕು. ಹೆಂಡ್ತಿ ಇದ್ದಾಳಾ?”

“ಇಲ್ಲ.”

“ಮನೆ?”

“ಭಾವನ ಮನೆ.”

“ಈ ಹುಡುಗರು ಜಗಳ ಆಡ್ಕೊಂಡು ಬಂದ್ರೆ ಎಲ್ಲಿ ಕೂರಿಸ್ತೀಯ?”

“ಭಾವನ ಮನೇಲಿ.”

“ಚಹಾ ಯಾರು ಕೊಡ್ತಾರೆ?”

“ಅಕ್ಕ.”

“ಬುದ್ಧಿ ಯಾರು ಹೇಳ್ತಾರೆ?”

“ಹೇಳಬೇಕಾಗಿಲ್ಲ ಅಜ್ಜ, ಭಾವ ಪಕ್ಕದ ಕೋಣೇಲಿ ಮಾತಾಡಿದ್ರೂ ಎಲ್ಲರಿಗೂ ಕೇಳಿಸುತ್ತೆ.”

ಈ ಸಲ ಬಿಳಿಗಡ್ಡದವರೂ ನಕ್ಕರು. ಮಂಬೆತ್ ಕುರ್ಚಿಯಿಂದ ಜಿಗಿದೆದ್ದ, ಮೊಣಕಾಲು ಗಟಕ್ಕೆಂದಿತು.

“ಇದು ನ್ಯಾಯಾನಾ? ನನಗೆ ಗೊತ್ತೇ ಇರಲಿಲ್ಲ. ಗೊತ್ತಿಲ್ಲದೋನು ಒಪ್ಪಿದ ಹಾಗೆ ಹ್ಯಾಗಾಗುತ್ತೆ?”

“ಅದು ಸರಿಯಾದ ಮಾತು,” ಎಂದು ಅಜ್ಜ ಗಂಭೀರವಾಗಿ ತಲೆಯಾಡಿಸಿದ. “ಗೊತ್ತಿಲ್ಲದೆ ಇಟ್ಕೊಂಡದ್ದು ಒಪ್ಪಿಗೆ ಅಲ್ಲ. ನಿನಗೆ ಗೊತ್ತಾಗಿದ್ದು ಯಾವಾಗ?”

“ಶುಕ್ರವಾರ.”

“ಇವತ್ತು?”

“ಬುಧವಾರ.”

“ಮೈಮೇಲೆ ಏನು ಹಾಕ್ಕೊಂಡಿದ್ದೀಯ, ಮಂಬೆತ್?”

ಇಡೀ ಸಭೆ ಕತ್ತು ಚಾಚಿತು. ಜರಿ ಕಾಲರ್ ಕಿಟಕಿಯ ಬಿಸಿಲಿಗೆ ಹೊಳೆಯುತ್ತಿತ್ತು. ಮಂಬೆತ್ ತಗ್ಗಿ ನೋಡಿಕೊಂಡ. ಬೆಳಗ್ಗೆ ಸೈರಾಕಾನ್ ಹಿಡಿದು ನಿಂತಿದ್ದಳು, ಅವನು ತೋಳು ತೂರಿಸಿದ್ದ, ಅಷ್ಟೇ.

“ಚಳಿ ಇತ್ತು,” ಎಂದ ಮಂಬೆತ್. ಅವನ ದನಿ ಅಷ್ಟು ಮೆಲ್ಲಗೆ ಬಂದದ್ದನ್ನು ಊರು ಅದೇ ಮೊದಲು ಕೇಳಿದ್ದು.

“ಒಪ್ಪದ ಸಂಬಂಧದ ಅಂಗಿ ತೊಟ್ಟು, ಸಂಬಂಧ ಒಪ್ಪಲ್ಲ ಅನ್ನೋಕೆ ಬಂದಿದ್ದೀಯ. ಮುಗೀತು,” ಎಂದ ಅಜ್ಜ. “ಒಕುಲ್ ಅಪ್ಪ ನೀನೇ. ಇವನು ನಿನಗೆ ಹೇಳದೆ ಬಚ್ಚಿಟ್ಟದ್ದು ತಪ್ಪು. ಅದನ್ನ ನೀನೂ ಅವನೂ ಮನೆಯೊಳಗೆ ಬಗೆಹರಿಸ್ಕೊಳ್ಳಿ. ಅದಕ್ಕೂ ಓರೊಜ್‌ಗೂ ಸಂಬಂಧ ಇಲ್ಲ.”

“ಸರಿ. ಹಾಗಾದ್ರೆ ಮದುವೆಗೆ ನನ್ನ ಬದಲು ಇವನನ್ನೇ ಕಳಿಸ್ತೀನಿ.”

“ಆಗಲ್ಲ. ಹೆತ್ತೋರ ಬದಲಿಗೆ ನಿಲ್ಲೋನು ನೀನು. ಬದಲಿಗೆ ಇನ್ನೊಂದು ಬದಲಿ ಹಾಕ್ತಾ ಹೋದ್ರೆ ಕೊನೆಗೆ ಮದುಮಗಳ ಪಕ್ಕ ಕುರಿ ನಿಂತಿರುತ್ತೆ.”

ಮಂಬೆತ್ ಸುತ್ತ ನೋಡಿದ. ಕೊನೆಗೆ ಕೋಪಕ್ಕೆ ಒಂದು ದಾರಿ ಸಿಕ್ಕಿತು. “ಎಲ್ಲಾರೂ ಕೇಳಿ. ಇವತ್ತಿಂದ ಇವನು ನನ್ನ ಬಾಯಲ್ಲ, ಕೈಯಲ್ಲ, ಕಾಲಿನ ಉಗುರೂ ಅಲ್ಲ. ಇನ್ನು ಮೇಲೆ ಇವನು ತಿಂದರೆ ಇವನ ಹೊಟ್ಟೆಗೆ.”

ಶಾರ್ಶೆ ಗೋಡೆಗೆ ಒರಗಿದ. ಮುಗಿಯಿತು ಅಂದುಕೊಂಡ.

“ಇಲ್ಲಿ ಕೂಗಿದ್ರೆ ಸಾಲದು,” ಎಂದ ಅಬ್ದಿಲ್ದಾ ಅಜ್ಜ. “ಬಾರದೇ ಇರೋ ಮುದುಕರಿದ್ದಾರೆ, ಕಿವಿ ಕೇಳದವರಿದ್ದಾರೆ. ಇವನು ನಿನ್ನ ಹೆಸರಲ್ಲಿ ಯಾವ್ಯಾವ ಮನೇಲಿ ತಿಂದಿದ್ದಾನೋ, ಆ ಪ್ರತಿ ಮನೆಗೂ ನೀನೇ ಹೋಗಿ ಹೇಳಬೇಕು. ಹೇಳದ ಮನೇಲಿ ಇವನು ನಾಳೆ ಕೈ ಎತ್ತಿದ್ರೆ ಮತ್ತೆ ನೀನೇ ಹೊಣೆ.”

“ಹೋಗ್ತೀನಿ. ನನಗೇನು ಹೆದರಿಕೆ?”

ಮರುದಿನ ಬೆಳಗ್ಗೆಯೇ ಹೊರಟ. ಯಾವ ಮನೆ, ಯಾವ ಔತಣ ಎಂಬುದು ಗೊತ್ತಿದ್ದದ್ದು ಶಾರ್ಶೆಗೆ ಮಾತ್ರ. ಹಾಗಾಗಿ ಅವನನ್ನೂ ಎಳೆದುಕೊಂಡೇ ಹೋದ. ತನ್ನ ಹೆಣಕ್ಕೆ ತಾನೇ ದಾರಿ ತೋರಿಸುವವನ ಹಾಗೆ ಶಾರ್ಶೆ ಮುಂದೆ ಮುಂದೆ ನಡೆದ.

ಮೊದಲನೆಯ ಮನೆಯ ಹೊಸ್ತಿಲಲ್ಲಿ ನಿಂತು ಮಂಬೆತ್ ಹೇಳಿದ, “ಇವನು ಇನ್ನು ಮೇಲೆ ನನ್ನ ಬಾಯಲ್ಲ. ಅಷ್ಟೇ. ಬರ್ತೀನಿ.”

“ಬರ್ತೀನಿ ಅಂದ್ರೆ? ಎಷ್ಟು ವರ್ಷ ಆಯ್ತು ನೀವು ಈ ಹೊಸ್ತಿಲು ತುಳಿದು. ರೊಟ್ಟಿ ಮುರಿಯದೆ ಹೋದ್ರೆ ನಮ್ಮನೆಗೆ ಒಳ್ಳೇದಾಗುತ್ತಾ?” ಮನೆಯಾಕೆ ಆಗಲೇ ಹಾಸು ಹಾಸಿದ್ದಳು. ರೊಟ್ಟಿ ಬಂತು, ಕೆನೆ ಬಂತು, ಜಾಮು ಬಂತು. ಮಂಬೆತ್‌ನ ಮೊಣಕಾಲು ಎರಡು ಸಲ ಗಟಕ್ಕೆಂದಿತು. ಮನೆಯ ಯಜಮಾನ ತನ್ನ ಕುದುರೆಯ ಹೊಟ್ಟೆನೋವಿನ ಕಥೆ ಹೇಳಿದ.

ಎರಡನೆಯ ಮನೆಯಲ್ಲಿ ಕರಿದ ಹಿಟ್ಟಿನ ತುಂಡುಗಳ ಗುಡ್ಡೆ, ಬೋಗುಣಿಯ ತುಂಬ ಹುಳಿಬಂದ ಕುದುರೆ ಹಾಲು. ಮುಂದಿನ ಮನೆಯಲ್ಲಿ, “ಮಂಬೆತ್ ತಾನೇ ಬಂದಿದ್ದಾನೆ” ಎಂದು ಯಾರೋ ಹಿತ್ತಲಿಗೆ ಓಡಿದ್ದು ಕಂಡಿತು. ಕುರಿ ಅರಚಿದ್ದು ಕೇಳಿತು. ಅಲ್ಲಿಂದ ಹೊರಬರುವಾಗ ಮಂಬೆತ್ ಚಪಾನಿನ ಗುಂಡಿಗಳನ್ನೆಲ್ಲ ಬಿಚ್ಚಿದ್ದ.

“ಇನ್ನೆಷ್ಟು ಮನೆ ಇದೆಯೋ?”

“ಈ ಬೀದೀಲಾ, ಭಾವ? ಈಗ ತಾನೇ ಶುರು. ಆಮೇಲೆ ಹೊಳೆಯಾಚೆ.”

“ಹೊಳೆಯಾಚೆಗೂ ಹೋಗಿ ತಿಂದಿದ್ದೀಯಾ?”

“ನೀವೇ ಕಳಿಸಿದ್ರಿ.”

ಮುದುಕಿ ಶಾಯಿರ್‌ಗೆ ಕಿವಿ ಮಂದ, ಕೈ ದೊಡ್ಡದು. ಅವಳ ಮನೆಯಲ್ಲಿ ಮಂಬೆತ್ ಕೂಗಿ ಹೇಳಿದ, ಅವಳು ಪಕ್ಕದ ಕೋಣೆಯಿಂದಲೇ, “ಗೊತ್ತಾಯ್ತಪ್ಪ, ಅವನು ನಿನ್ನ ಬಾಯಲ್ಲ, ಕೂತ್ಕೋ,” ಎಂದು ಮೊರದಗಲದ ತಟ್ಟೆ ಹೊತ್ತು ತಂದಳು. ನೂಡಲ್ಸಿನ ಹಾಸಿಗೆಯ ಮೇಲೆ ಮಾಂಸ, ಮಾಂಸದ ಮೇಲೆ ಸೊಂಟದ ಮೂಳೆ, ಅದರ ಮೇಲೆ ನಡುಗುವ ಕೊಬ್ಬು. ಇಕ್ಕಟ್ಟಿನ ಕಣಿವೆಯಲ್ಲಿ ಎದುರಿಗೆ ಲಾರಿ ಬಂದಾಗ ನೋಡುವ ಹಾಗೆ ಮಂಬೆತ್ ಅದನ್ನು ನೋಡಿದ. ಹಿಂದಕ್ಕೆ ಸರಿಯಲು ಜಾಗವಿರಲಿಲ್ಲ, ಬೆನ್ನಿಗೆ ಗೋಡೆ ಇತ್ತು.

“ತಿನ್ನಪ್ಪ,” ಎಂದಳು ಮುದುಕಿ. “ತಿನ್ನದಿದ್ರೆ ನನ್ನ ಸತ್ತ ಗಂಡ ಕನಸಲ್ಲಿ ಬಂದು ಬೈತಾನೆ.”

ಮಂಬೆತ್ ಒಂದು ಬೆರಳು ಚಾಚಿದ. ಹಿಂದಕ್ಕೆ ತೆಗೆದ. ಬಾಗಿಲ ಬಳಿ ಚಪ್ಪಲಿಗಳ ಪಕ್ಕ ಶಾರ್ಶೆ ಕೂತಿದ್ದ, ಮುಂದೆ ಖಾಲಿ ಬಟ್ಟಲು, ಕಣ್ಣು ನೆಲದ ಮೇಲೆ.

“ಶಾರ್ಶೆ,” ಎಂದ ಮಂಬೆತ್, ಆದಷ್ಟು ಮೆಲ್ಲಗೆ. “ಬಾರೋ ಇಲ್ಲಿ. ಇದನ್ನ ನೀನು ತಿನ್ನು.”

ಶಾರ್ಶೆ ಅಲುಗಲಿಲ್ಲ. “ಯಾರ ಹೆಸರಲ್ಲಿ, ಭಾವ?”

“ಯಾರ ಹೆಸರಲ್ಲಾದ್ರೂ ತಿನ್ನೋ, ಅನಿಷ್ಟ.”

“ನನ್ನ ಹೆಸರಿಗೆ ಸೊಂಟದ ಮೂಳೆ ಬರಲ್ಲ. ಅಜ್ಜಿಗೆ ಅವಮಾನ ಆಗುತ್ತೆ.”

ಮುದುಕಿ ಸೌಟು ಹಿಡಿದು ಕಾಯುತ್ತಿದ್ದಳು. ಮಂಬೆತ್ ತಟ್ಟೆಯನ್ನು ಮೊಣಕೈಯಿಂದ ಬಾಗಿಲ ಕಡೆಗೆ ಒಂದು ಗೇಣು ತಳ್ಳಿದ.

“ನನ್ನ ಹೆಸರಲ್ಲಿ,” ಎಂದ.

“ಸ್ವಲ್ಪ ಗಟ್ಟಿಯಾಗಿ ಹೇಳಿ ಭಾವ, ಅಜ್ಜಿಗೆ ಕೇಳಿಸಬೇಕು.”

“ನನ್ನ ಹೆಸರಲ್ಲೇ,” ಎಂದು ಮಂಬೆತ್ ಕೂಗಿದ್ದಕ್ಕೆ ಕಿಟಕಿಯ ಗಾಜು ನಡುಗಿತು.

“ಕೇಳಿಸ್ತು, ಕೇಳಿಸ್ತು,” ಎಂದಳು ಮುದುಕಿ.

“ಬಾಯಿ ಮಾತ್ರಾನಾ, ಕೈಯೂ ಸೇರೀನಾ?” ಎಂದ ಶಾರ್ಶೆ.

ಮಂಬೆತ್ ಅಷ್ಟರಲ್ಲಿ ದಿಂಬಿಗೆ ಒರಗಿ ಕಣ್ಣು ಮುಚ್ಚಿದ್ದ. “ತಲೆಯಿಂದ ಕಾಲವರೆಗೆ ಎಲ್ಲಾ ಸೇರಿಸ್ಕೋ. ಹೊಳೆಯಾಚೆಗೂ ನೀನೇ ಹೋಗು.”

ಶಾರ್ಶೆ ಎದ್ದ. ಚಪ್ಪಲಿಗಳ ರಾಶಿ ದಾಟಿ, ಒಳಗೋಡೆಯ ಪಕ್ಕ, ಭಾವನ ಪಕ್ಕದಲ್ಲೇ ಹಾಸಿನ ಮೇಲೆ ಕೂತು ಅಂಗಿಯ ತೋಳು ಮಡಚಿದ. ಮುದುಕಿ ಅವನ ಬಟ್ಟಲಿಗೆ ಸಾರು ಹೊಯ್ದಳು.

“ಸಾರಿಗೆ ಉಪ್ಪು ಸರಿಯಾಗಿದೆಯಾ ನೋಡಿ,” ಎಂದಳು. “ನೀವೇನಂತೀರಿ?”